ನಾಗಲಾಪುರದಿಂದ ಕಡ್ಡಿರಾಂಪುರದವರೆಗೆ: ಹಂಪೆ–ಹೊಸಪೇಟೆ ಪರಿಸರದ ಜನವಸತಿ ಮತ್ತು ರಾಜ್ಯಾಡಳಿತ

ಊರೆಂದರೆ ಮನೆಗಳ ಸಾಲು ಮಾತ್ರವಲ್ಲ. ಕುಡಿಯಲು ಹಾಗೂ ಬೆಳೆಯಲು ನೀರು, ಕೈಗೆ ದೊರೆಯುವ ದುಡಿಮೆ, ನೆರೆಹೊರೆಯನ್ನು ಒಂದು ಕಟ್ಟಿಗೆ ತರುವ ಗುಡಿ, ಮಠ, ಸಂತೆ, ಜಾತ್ರೆ ಇವೆಲ್ಲವೂ ಕೂಡಿದಾಗ ಮಾತ್ರ ಜನವಸತಿಯು ಊರೆನಿಸಿಕೊಳ್ಳುತ್ತದೆ. ಇವುಗಳಲ್ಲಿ ಒಂದು ಕಳಚಿದರೂ ಜನ ಚದುರತೊಡಗುತ್ತಾರೆ. ಎಲ್ಲವೂ ಕಳಚಿದರೆ ಊರು ಹಾಳಾಗುತ್ತದೆ. ನಮ್ಮ ನಾಡಿನ ಕಂದಾಯ ದಾಖಲೆಗಳಲ್ಲಿ ಜನರಿಲ್ಲದ ಗ್ರಾಮವನ್ನು ‘ಬೇಚರಾಕ್’ ಎಂದು ಬರೆಯುವ ರೂಢಿಯಿದೆ. ದೀಪವಿಲ್ಲದ ಊರು ಎಂಬುದು ಆ ಪಾರಸಿ ಪದದ ಮೂಲಾರ್ಥ. ಲೆಕ್ಕಪತ್ರದ ಈ ಒಣ ಶಬ್ದದೊಳಗೆ ಒಂದು ಸಮುದಾಯದ ಕಥೆಯೇ ಅಡಗಿರುತ್ತದೆ.

ಊರಿನ ದೀಪ ಆರದಂತೆ ಕಾಯುವುದೂ, ಆರಿದಲ್ಲಿ ಮತ್ತೆ ಹಚ್ಚುವುದೂ ಆಳುವವರ ಹೊಣೆಯೆಂದು ಎಲ್ಲ ಕಾಲದಲ್ಲಿಯೂ ಭಾವಿಸಲಾಗಿದೆ. ಆ ಹೊಣೆಯನ್ನು ಬೇರೆ ಬೇರೆ ಕಾಲದ ಆಡಳಿತಗಳು ಹೇಗೆ ನಿರ್ವಹಿಸಿದವೆಂಬುದನ್ನು ಅರಿಯಲು ಹಂಪೆ–ಹೊಸಪೇಟೆ ಪರಿಸರಕ್ಕಿಂತ ತಕ್ಕ ಪ್ರದೇಶ ಕರ್ನಾಟಕದಲ್ಲಿ ವಿರಳ. ಹೊಸಪೇಟೆಯಿಂದ ಅನಂತಶಯನಗುಡಿಯನ್ನು ಹಾದು ಹಂಪೆಗೆ ಸಾಗುವ ಮಾರ್ಗದಲ್ಲಿರುವ ಕಡ್ಡಿರಾಂಪುರವು ಚಿಕ್ಕ ಗ್ರಾಮವಾದರೂ ಈ ಇತಿಹಾಸದ ಮೊದಲಿಗೂ ಕೊನೆಗೂ ಸಾಕ್ಷಿಯಾಗಿ ನಿಂತಿದೆ. ವಿಜಯನಗರ ರಾಜಧಾನಿಯ ಹೊರವಲಯದಲ್ಲಿದ್ದ ಅಲ್ಲಿ ಬಹಮನೀ ಶೈಲಿಯ ಹಳೆಯ ಗೋರಿಗಳಿವೆ. ಇಮ್ಮಡಿ ದೇವರಾಯನು ತನ್ನ ಸೈನ್ಯಕ್ಕೆ ಮುಸಲ್ಮಾನ ಯೋಧರನ್ನು ಸೇರಿಸಿಕೊಂಡನೆಂಬುದು ಸುವಿದಿತವಾಗಿದೆ. ಹೊರಗಿನಿಂದ ಬಂದವರಿಗೂ ರಾಜಧಾನಿಯ ಸುತ್ತ ನೆಲೆ ದೊರೆತಿತ್ತೆಂಬುದಕ್ಕೆ ಈ ಗೋರಿಗಳೇ ನಿದರ್ಶನ. ಅದೇ ಕಡ್ಡಿರಾಂಪುರದಲ್ಲಿ ಇಪ್ಪತ್ತೊಂದನೆಯ ಶತಮಾನದಲ್ಲಿ ಹಂಪೆಯಿಂದ ತೆರವುಗೊಂಡ ಕುಟುಂಬಗಳಿಗೆ ನಿವೇಶನ ಗುರುತಿಸಲಾಯಿತು. ಈ ಎರಡು ಘಟ್ಟಗಳ ನಡುವಣ ಆರು ಶತಮಾನಗಳ ಅವಧಿಯಲ್ಲಿ ಇಲ್ಲಿನ ಜನ ಹಲವು ಬಾರಿ ಕೂಡಿದರು, ಹಲವು ಬಾರಿ ಚದುರಿದರು.

ಪುರನಿರ್ಮಾಣದ ಕಾಲ

ವಿರೂಪಾಕ್ಷನ ಸನ್ನಿಧಿಯ ಜನವಸತಿಯು ಸಾಮ್ರಾಜ್ಯಕ್ಕಿಂತ ಹಿರಿದು. ಹರಿಹರ, ರಾಘವಾಂಕರಂತಹ ಶಿವಕವಿಗಳು ಪಂಪಾಕ್ಷೇತ್ರದಲ್ಲಿ ಬಾಳಿದ್ದು ವಿಜಯನಗರದ ಸ್ಥಾಪನೆಗೆ ಬಹು ಮೊದಲು. ಸಾಮ್ರಾಜ್ಯವು ಮಾಡಿದ್ದು ಈ ಕ್ಷೇತ್ರದ ಸುತ್ತ ಹೊಸ ಪುರಗಳನ್ನು ಒಂದಾದ ಮೇಲೊಂದರಂತೆ ಕಟ್ಟಿದ ಕಾರ್ಯ. ಕೃಷ್ಣಾಪುರ, ವಿಠ್ಠಲಾಪುರ, ಅಚ್ಯುತಾಪುರ, ನಾಗಲಾಪುರ ಎಂಬ ಹೆಸರುಗಳೇ ಇದನ್ನು ಸಾರುತ್ತವೆ. ಇಂದಿನ ಅನಂತಶಯನಗುಡಿಯು 1524ರಲ್ಲಿ ಕೃಷ್ಣದೇವರಾಯನು ತನ್ನ ಮಗ ತಿರುಮಲನ ಹೆಸರಿನಲ್ಲಿ ನೆಲೆಗೊಳಿಸಿದ ಸಾಲೆ ತಿರುಮಲೆ ಮಹಾರಾಯಪುರ. ಈ ಪುರಗಳ ರಚನೆಯನ್ನು ಅವಲೋಕಿಸಿದಾಗ ಒಂದು ಸಾಮಾನ್ಯ ಕ್ರಮ ಗೋಚರಿಸುತ್ತದೆ. ನಡುವೆ ದೇವಾಲಯ, ಅದರ ಮುಂದೆ ರಥಬೀದಿ, ಬೀದಿಯ ಇಕ್ಕೆಲಗಳಲ್ಲಿ ಅಂಗಡಿಯ ಮಂಟಪಗಳು, ಹತ್ತಿರದಲ್ಲಿಯೇ ಕೆರೆ ಅಥವಾ ಕಾಲುವೆ. ಪೂಜೆ, ವ್ಯಾಪಾರ, ಬೇಸಾಯ ಈ ಮೂರನ್ನೂ ಒಂದೇ ಯೋಜನೆಯಲ್ಲಿ ಹೆಣೆಯಲಾಗಿತ್ತು.

ಹೊಸಪೇಟೆಯ ಉದಾಹರಣೆ ವಿಶೇಷವಾಗಿ ಗಮನಾರ್ಹ. ಅದರ ಹಳೆಯ ಹೆಸರು ನಾಗಲಾಪುರ. ಈ ಹೊಸ ನಗರದ ಬಳಿ ಬೃಹತ್ತಾದ ಕೆರೆಯ ಏರಿ ಏಳುತ್ತಿದ್ದಾಗ ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡು ಬರೆದಿದ್ದಾನೆ. ಅನಂತರ ಬಂದ ನೂನಿಜ್ ತಿಳಿಸುವ ಸಂಗತಿ ಇನ್ನೂ ಮಹತ್ತ್ವದ್ದು. ಈ ಕೆರೆಯ ನೀರಿನಿಂದ ಸಾಗುವಳಿಯಾಗುವ ಭೂಮಿಯನ್ನು ಜನರು ಹದಗೊಳಿಸಿಕೊಳ್ಳಲೆಂದು ಅರಸನು ಒಂಬತ್ತು ವರ್ಷಗಳವರೆಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟನಂತೆ. ಹೊಸ ನೆಲದಲ್ಲಿ ಜನ ಬೇರೂರಬೇಕಾದರೆ ಒಂದೆರಡು ಬೆಳೆಗಳ ಕಾಲ ಸಾಲದೆಂಬ ತಿಳಿವಳಿಕೆ ಈ ಕ್ರಮದ ಹಿಂದಿದೆ. ಮೊದಲು ನೀರು, ಬಳಿಕ ಭೂಮಿ, ಆ ಮೇಲೆ ದೀರ್ಘಕಾಲದ ಸಹನೆ, ಕಟ್ಟಕಡೆಗೆ ಕಂದಾಯ ಎಂಬುದು ಅದರ ಅನುಕ್ರಮ.

ಇದರಿಂದ ಆ ಕಾಲವೆಲ್ಲ ಸುವರ್ಣಮಯವಾಗಿತ್ತೆಂದು ಭಾವಿಸಲಾಗದು. ಅದೇ ಕೆರೆಯ ಏರಿ ನಿಲ್ಲದೆ ಒಡೆದಾಗ ಮನುಷ್ಯರನ್ನು ಬಲಿ ಕೊಡಲಾಯಿತೆಂದು ಪಾಯಸ್‌ನೇ ದಾಖಲಿಸಿದ್ದಾನೆ. ಅರಸನ ಔದಾರ್ಯವೂ ಕ್ರೌರ್ಯವೂ ಒಂದೇ ಏರಿಯ ಎರಡು ಬದಿಗಳಾಗಿದ್ದವು. ಆದರೂ ಜನರನ್ನು ನೆಲೆಗೊಳಿಸುವ ವಿಧಾನದಲ್ಲಿ ಆ ಆಡಳಿತಕ್ಕಿದ್ದ ವಿವೇಕವನ್ನು ಅಲ್ಲಗಳೆಯುವಂತಿಲ್ಲ.

ಪಾಳುಬಿದ್ದ ನೆಲ ಮತ್ತು ದತ್ತಮಂಡಲದ ಆಡಳಿತ

1565ರ ಜನವರಿಯಲ್ಲಿ ನಡೆದ ರಕ್ಕಸಗಿ–ತಂಗಡಗಿ ಯುದ್ಧದ ಪರಿಣಾಮವಾಗಿ ರಾಜಧಾನಿ ಬರಿದಾಯಿತು. ಅರಮನೆಯನ್ನು ನೆಚ್ಚಿದ್ದ ಪುರಗಳು ಅರಮನೆಯೊಡನೆಯೇ ಅಳಿದವು. ಆದರೆ ನೀರನ್ನು ನೆಚ್ಚಿದ್ದ ಊರುಗಳು ಹಾಗೆ ಅಳಿಯಲಿಲ್ಲವೆಂಬುದನ್ನು ಇತಿಹಾಸಕಾರರು ಮರೆಯಬಾರದು. ರಾಯಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳ ದಂಡೆಯಲ್ಲಿ ಬೇಸಾಯ ಮುಂದುವರಿಯಿತು. ಹೊಸಪೇಟೆ, ಕಮಲಾಪುರ, ಕಂಪ್ಲಿಗಳು ಉಳಿದವು. ವಿರೂಪಾಕ್ಷನ ಗುಡಿಯಲ್ಲಿಯೂ ಪೂಜೆ ನಡೆದುಬಂದಿತು.

ಮುಂದಿನ ಎರಡು ಶತಮಾನಗಳಲ್ಲಿ ಈ ಸೀಮೆಯು ಪಾಳೆಯಗಾರರು, ಮರಾಠರು, ಮೈಸೂರಿನವರು, ನಿಜಾಮರು ಇವರ ನಡುವೆ ಕೈ ಬದಲಾಗುತ್ತ ಸಾಗಿತು. 1800ರ ಅಕ್ಟೋಬರ್‌ನಲ್ಲಿ ನಿಜಾಮನು ಬಳ್ಳಾರಿ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಆಡಳಿತ ನಡೆಸಿದನು. ಪಾಳೆಯಗಾರರನ್ನು ಅಡಗಿಸುವುದು, ಹೊಲಹೊಲವನ್ನೂ ಅಳೆದು ರೈತನೊಡನೆ ನೇರವಾಗಿ ಕಂದಾಯ ನಿಗದಿಪಡಿಸುವುದು, ಎತ್ತು–ಬೀಜಗಳಿಗೆ ತಕಾವಿ ಸಾಲ ನೀಡುವುದು ಇವು ಅವನ ಮುಖ್ಯ ಕ್ರಮಗಳು. ಚದುರಿದ ರೈತನು ಹೊಲಕ್ಕೆ ಮರಳಿದರೆ ಖಜಾನೆ ತುಂಬುವುದೆಂಬುದು ಇದರ ತರ್ಕ. ರೈತವಾರಿ ಪದ್ಧತಿಯು ರೈತನ ಹೆಸರನ್ನು ಸರ್ಕಾರದ ಪುಸ್ತಕದಲ್ಲಿ ಬರೆಯಿತೆಂಬುದು ನಿಜ. ಆದರೆ ಅದೇ ಪುಸ್ತಕದಲ್ಲಿ ಅವನ ಹೆಸರಿನ ಎದುರು ತೆರಬೇಕಾದ ಹಣದ ಭಾರವೂ ನಿಂತಿತು. ಮಳೆ ಕೈಕೊಟ್ಟ ವರ್ಷ ಆ ಭಾರವನ್ನು ಹೊರುವ ಬಲ ರೈತನಿಗಿರಲಿಲ್ಲ.

ಧಾತು–ಈಶ್ವರ ಸಂವತ್ಸರಗಳ ಬರ

ಆ ದೌರ್ಬಲ್ಯವು ಪೂರ್ಣವಾಗಿ ಬಯಲಾದದ್ದು 1876–78ರ ಮಹಾಕ್ಷಾಮದಲ್ಲಿ. ಧಾತು–ಈಶ್ವರದ ಬರವೆಂದು ಜನರ ನೆನಪಿನಲ್ಲಿ ಉಳಿದ ಈ ಕ್ಷಾಮದಲ್ಲಿ ಮದರಾಸು ಪ್ರಾಂತದ ಜಿಲ್ಲೆಗಳ ಪೈಕಿ ಬಳ್ಳಾರಿಯು ಅತ್ಯಂತ ಹೆಚ್ಚು ನೊಂದವುಗಳಲ್ಲೊಂದು. 1871ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲವಾದದ್ದು ಕಂಡುಬರುತ್ತದೆ. ಸತ್ತವರೆಷ್ಟು, ದೇಶಾಂತರ ಹೋದವರೆಷ್ಟು ಎಂಬುದನ್ನು ಗಣತಿಯ ಅಂಕಿಗಳು ಬೇರ್ಪಡಿಸಿ ಹೇಳಲಾರವು.

ಸರ್ಕಾರವು ಕೈಕಟ್ಟಿ ಕುಳಿತಿತ್ತೆನ್ನುವಂತಿಲ್ಲ. ಪರಿಹಾರ ಕಾಮಗಾರಿಗಳು ನಡೆದವು, ಗಂಜಿಯ ಶಿಬಿರಗಳು ತೆರೆದವು. ಆದರೆ ವೆಚ್ಚವನ್ನು ಹಿಡಿತದಲ್ಲಿಡಲೆಂದು 1877ರ ಆರಂಭದಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವವನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅತ್ಯಲ್ಪ ಕಾಸಿಗೆ ಇಳಿಸಿದನು. ದುಡಿಯುವ ದೇಹಕ್ಕೆ ಇಷ್ಟು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದನು. ಕೆಲವು ತಿಂಗಳುಗಳ ಬಳಿಕ ಕೂಲಿ ಏರಿತಾದರೂ ಅಷ್ಟರಲ್ಲಿ ಅನೇಕರ ಪಾಲಿಗೆ ಕಾಲ ಮಿಂಚಿತ್ತು. ಜನರನ್ನು ಉಳಿಸಬೇಕಾದ ಕ್ರಮವನ್ನೇ ಉಳಿತಾಯದ ಕ್ರಮವಾಗಿ ಪರಿವರ್ತಿಸಿದರೆ ಏನಾಗುವುದೆಂಬುದಕ್ಕೆ ಇದು ಕಠೋರ ದೃಷ್ಟಾಂತ. 1880ರ ಕ್ಷಾಮ ಆಯೋಗದ ವರದಿ, ಅದರ ಬೆನ್ನಲ್ಲೇ ರೂಪುಗೊಂಡ ಕ್ಷಾಮ ಸಂಹಿತೆಗಳು ಈ ಅನುಭವದ ಫಲ. ಬರವು ಬಂದ ಮೇಲೆ ಕೊಡುವ ಅನ್ನಕ್ಕಿಂತ ಬರದಂತೆ ತಡೆಯುವ ನೀರೇ ಮೇಲೆಂಬ ಅರಿವು ಕ್ರಮೇಣ ಬಲಗೊಂಡಿತು.

ಅಣೆಕಟ್ಟು ಮತ್ತು ಮುಳುಗಡೆ

ತುಂಗಭದ್ರೆಗೆ ದೊಡ್ಡ ಅಣೆ ಕಟ್ಟಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಸೂಚಿಸಿದ್ದನು. ನದಿಯ ಒಂದು ದಡ ಮದರಾಸಿನದು, ಇನ್ನೊಂದು ದಡ ಹೈದರಾಬಾದಿನದು ಆಗಿದ್ದುದರಿಂದ ನೀರಿನ ಹಂಚಿಕೆಯ ಮಾತುಕತೆ ದಶಕಗಳ ಕಾಲ ಬೆಳೆಯಿತು. 1944ರಲ್ಲಿ ಒಪ್ಪಂದವಾಗಿ, 1945ರ ಫೆಬ್ರವರಿ 28ರಂದು ಮಲ್ಲಾಪುರದ ಬಳಿ ಶಂಕುಸ್ಥಾಪನೆ ನೆರವೇರಿತು. ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ಯರ ಮೇಲ್ವಿಚಾರಣೆಯಲ್ಲಿ ಕಲ್ಲುಗಾರೆಯ ಈ ಮಹಾಕಾಮಗಾರಿ ಸಾಗಿ, 1953ರ ಜುಲೈನಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮದರಾಸು ಆರಂಭಿಸಿದ ಕಾರ್ಯದ ಫಲವೂ ಋಣವೂ ಹೀಗೆ ಹೊಸ ರಾಜ್ಯಕ್ಕೆ ಬಂದವು.

ಆ ಋಣದ ಪ್ರಮಾಣ ಸಣ್ಣದಲ್ಲ. ಸುಮಾರು 378 ಚದರ ಕಿಲೋಮೀಟರ್ ವಿಸ್ತಾರದ ಜಲಾಶಯದಲ್ಲಿ 90 ಗ್ರಾಮಗಳು ಮುಳುಗಿದವು; 54 ಸಾವಿರಕ್ಕೂ ಹೆಚ್ಚು ಜನ ನೆಲೆ ಬಿಟ್ಟರು. ನಾರಾಯಣದೇವರಕೆರೆ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಬಾಳನ್ನು ಹೊಸದಾಗಿ ಕಟ್ಟಿಕೊಂಡರು. ಹಗರಿಬೊಮ್ಮನಹಳ್ಳಿಯಂತಹ ಊರುಗಳು ಬೆಳೆದದ್ದೂ ಈ ಸ್ಥಳಾಂತರದ ಪರಿಣಾಮವಾಗಿಯೇ. ವಿಜಯನಗರದ ಕಾಲದ ವಲ್ಲಭಾಪುರದ ಅಣೆಯೂ ನೀರಿನಡಿ ಸೇರಿತು. ಆದರೆ ಆ ಅಣೆಯಿಂದ ನೀರುಣ್ಣುತ್ತಿದ್ದ ಕಾಲುವೆಗೆ ಹೊಸ ಜಲಾಶಯದಿಂದಲೇ ನೀರು ಒದಗಿಸಲಾಯಿತು. ಹಳೆಯ ಕಾಲುವೆಯ ಹಕ್ಕನ್ನು ಸರ್ಕಾರ ಗೌರವಿಸಿತು. ಅದರ ದಂಡೆಯ ಊರುಗಳು ಉಳಿದವು.

ಮುಳುಗಡೆಯ ಊರುಗಳ ವಿಷಯದಲ್ಲಿ ಅಂಥದೇ ಎಚ್ಚರ ತೋರಲು ಅಂದಿನ ಕಾನೂನಿನಲ್ಲಿ ಅವಕಾಶ ಕಡಿಮೆ. 1894ರ ಭೂಸ್ವಾಧೀನ ಕಾಯಿದೆಯು ಭೂಮಿಯ ಬೆಲೆಯನ್ನೂ ಅದರ ಹಕ್ಕುದಾರನನ್ನೂ ಬಲ್ಲದೇ ಹೊರತು ಊರನ್ನು ಬಲ್ಲದಾಗಿತ್ತು. ಹೊಲದ ಒಡೆಯನಿಗೆ ಪರಿಹಾರ ದೊರೆಯಿತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು, ಆಯದ ಕಾಳನ್ನು ನಂಬಿದ್ದ ಬಡಿಗ, ಕಮ್ಮಾರ, ಕುಂಬಾರ, ಅಗಸ ಇವರು ಕಳೆದುಕೊಂಡ ದುಡಿಮೆಗೆ ಆ ಕಾಯಿದೆಯಲ್ಲಿ ಬೆಲೆಯಿರಲಿಲ್ಲ. ಊರದೇವತೆಯ ಮೂರ್ತಿಯನ್ನು ಗಾಡಿಯ ಮೇಲೇರಿಸಿ ಒಯ್ಯಬಹುದು. ಹಿರಿಯರ ಸಮಾಧಿಯನ್ನಾಗಲಿ ಗುರುಗಳ ಗದ್ದುಗೆಯನ್ನಾಗಲಿ ಹಾಗೆ ಒಯ್ಯಲು ಬರುವುದಿಲ್ಲ. ಪರಿಹಾರದ ಪಟ್ಟಿಯಲ್ಲಿ ಇವಕ್ಕೆ ಅಂಕಣವೇ ಇರಲಿಲ್ಲ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ಹಿನ್ನೀರಿನ ನೆಲವೆಲ್ಲ ಮತ್ತೆ ತೆರೆದುಕೊಳ್ಳುತ್ತದೆ; ಬೇಚರಾಕ್ ಎಂಬ ಪದದ ಅರ್ಥವನ್ನು ಅದಕ್ಕಿಂತ ಸ್ಪಷ್ಟವಾಗಿ ತಿಳಿಸುವ ನಿಘಂಟಿಲ್ಲ.

ಕಾಲುವೆಯ ಹಿಂದೆ ಬಂದ ಜನ

ಅಣೆಯ ಮೇಲುಭಾಗದಲ್ಲಿ ಜನ ಚದುರಿದರೆ ಕೆಳಭಾಗದಲ್ಲಿ ಜನ ಸೇರತೊಡಗಿದರು. ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಸೀಮೆಗಳಲ್ಲಿ ಕಾಲುವೆಯ ನೀರು ಹರಿದಂತೆ ಕರಾವಳಿ ಆಂಧ್ರದ ಕೃಷ್ಣಾ–ಗೋದಾವರಿ ಪ್ರದೇಶಗಳಿಂದ ಬೇಸಾಯಗಾರರು ಬಂದು ಭೂಮಿ ಕೊಂಡು ನೆಲೆಸಿದರು. ಅವರ ವಸತಿಗಳು ಇಂದಿಗೂ ‘ಕ್ಯಾಂಪು’ಗಳೆಂದೇ ಹೆಸರಾಗಿವೆ. ತಾತ್ಕಾಲಿಕ ಬೀಡಾರವನ್ನು ಸೂಚಿಸುವ ಪದವು ಶಾಶ್ವತ ಊರಿನ ಹೆಸರಾದದ್ದು ಭಾಷೆಯಲ್ಲಿ ಉಳಿದ ವಲಸೆಯ ಗುರುತು.

ಯೋಜನೆಯ ಮೂಲ ಆಶಯವು ಬರಪೀಡಿತ ಪ್ರದೇಶದ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಹಂಚುವುದಾಗಿತ್ತು. ಅದಕ್ಕಾಗಿ ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿಯಂತಹ ಅರೆ ನೀರಾವರಿಯ ಬೆಳೆಗಳಿಗೆ ಗುರುತಿಸಲಾಗಿತ್ತು. ಬಂದವರಿಗೆ ತಿಳಿದಿದ್ದ ಬೆಳೆ ಭತ್ತ. ಅದನ್ನು ಬೆಳೆಯುವ ಕೌಶಲವೂ ಬಂಡವಾಳವೂ ಅವರಲ್ಲಿತ್ತು. ಸ್ಥಳೀಯ ರೈತರೂ ಅವರಿಂದ ಕಲಿತರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದಂತೆಲ್ಲ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದು ದುಸ್ತರವಾಯಿತು. ಸರ್ಕಾರವು 1980ರ ಅಧಿನಿಯಮದ ಮೂಲಕ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರಗಳಿಗೆ ಶಾಸನಬಲವನ್ನು ನೀಡಿ, ಹೊಲಗಾಲುವೆ, ಬಸಿಗಾಲುವೆ, ಬೆಳೆಯ ಕ್ರಮ ಇವುಗಳನ್ನು ಸರಿಪಡಿಸಲು ಯತ್ನಿಸಿತು. ಆದರೆ ನಕಾಶೆಯಲ್ಲಿ ಬರೆದ ಬೆಳೆ ಬೇರೆ, ಹೊಲದಲ್ಲಿ ನಿಂತ ಬೆಳೆ ಬೇರೆ ಎಂಬ ಸ್ಥಿತಿ ತಪ್ಪಲಿಲ್ಲ. ಮೊದಲಿಗೆ 133 ಟಿ.ಎಂ.ಸಿ. ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದ ಮೇಲಂತೂ ಈ ಹಂಚಿಕೆಯ ಸಮಸ್ಯೆ ಇನ್ನಷ್ಟು ಬಿಗಿಯಾಯಿತು. ನೀರು ಜನರನ್ನು ಕರೆತರುತ್ತದೆ; ಬಂದ ಜನ ಹೇಗೆ ಬಾಳುವರೆಂಬುದನ್ನು ನೀರಿನೊಡನೆಯೇ ಯೋಚಿಸದಿದ್ದರೆ ಮುಂದೆ ಯೋಚಿಸುವುದು ಕಷ್ಟ.

ಹಂಪೆಯ ರಥಬೀದಿಯಿಂದ ಕಡ್ಡಿರಾಂಪುರಕ್ಕೆ

ಇಪ್ಪತ್ತನೆಯ ಶತಮಾನದ ಕೊನೆಗೆ ಈ ಪರಿಸರದಲ್ಲಿ ಜನವಸತಿಯನ್ನು ನಿರ್ಣಯಿಸುವ ಮತ್ತೊಂದು ಶಕ್ತಿ ತಲೆದೋರಿತು. ಅದು ಗತಕಾಲದ ಕಲ್ಲಿನ ಸಂರಕ್ಷಣೆ. 1986ರಲ್ಲಿ ಹಂಪೆಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆಗೊಂದಿಗೆ ಸಂಪರ್ಕ ಕಲ್ಪಿಸುವ ಸೇತುವೆಯ ನಿರ್ಮಾಣವೇ ಮೊದಲಾದ ಕಾರಣಗಳಿಂದ 1999ರಲ್ಲಿ ಅವು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಹೊರಬಂದವು. ಈ ನಡುವೆ ರಾಜ್ಯ ಸರ್ಕಾರವು 2002ರ ಅಧಿನಿಯಮದ ಮೂಲಕ ಹಂಪೆ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ರೂಪ ಕೊಟ್ಟಿತು. ಸುಮಾರು 236 ಚದರ ಕಿಲೋಮೀಟರ್‌ಗಳ ಅದರ ವ್ಯಾಪ್ತಿಯಲ್ಲಿ 29 ಗ್ರಾಮಗಳು ಸೇರಿದವು. ಸ್ಮಾರಕಗಳಷ್ಟೇ ಅಲ್ಲದೆ ಅವುಗಳ ನಡುವೆ ಬಾಳುವ ಜನರ ಮನೆ, ಅಂಗಡಿ, ಹೊಲಗಳೂ ಹೀಗೆ ಒಂದು ನಿಯಮದ ಕೆಳಗೆ ಬಂದವು.

ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯಲ್ಲಿ ಅಷ್ಟರಲ್ಲಿ ಒಂದು ಊರೇ ಬೆಳೆದಿತ್ತು. ಸಾಲುಮಂಟಪಗಳಿಗೆ ಗೋಡೆ ಕಟ್ಟಿ ಮನೆ ಮಾಡಿಕೊಂಡವರು, ಹೂವು–ಕಾಯಿ ಮಾರುವವರು, ಯಾತ್ರಿಕರಿಗೂ ಪ್ರವಾಸಿಗರಿಗೂ ಊಟ–ವಸತಿ ಒದಗಿಸುವವರು ಅಲ್ಲಿದ್ದರು. ಕೆಲವು ಕಟ್ಟಡಗಳು ಪ್ರಾಚೀನ ಮಂಟಪಗಳಿಗೆ ಕೇಡುಂಟುಮಾಡುತ್ತಿದ್ದುದು ಸುಳ್ಳಲ್ಲ. ಮಂಟಪಗಳ ಮೇಲೆ ಅಂತಸ್ತು ಎಬ್ಬಿಸಿದರೆ ಸಂರಕ್ಷಣೆಯ ಹೊಣೆ ಹೊತ್ತವರು ಸುಮ್ಮನಿರಲಾರರು. ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ 2011ರ ಜುಲೈ ಕೊನೆಯಲ್ಲಿ ಅತ್ಯಲ್ಪ ಕಾಲದ ಸೂಚನೆಯೊಡನೆ ಯಂತ್ರಗಳು ಬಂದು ಬೀದಿಯನ್ನು ತೆರವುಗೊಳಿಸಿದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ತಪ್ಪಿದವು. ಅವರಿಗೆ ಪುನರ್ವಸತಿಗೆಂದು ಗೊತ್ತುಪಡಿಸಿದ ಸ್ಥಳವೇ ಸುಮಾರು ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರ.

ಇಲ್ಲಿ ಹಿಂದಿನ ಕ್ರಮವು ತಲೆಕೆಳಗಾದದ್ದನ್ನು ಗಮನಿಸಬೇಕು. ನಾಗಲಾಪುರದಲ್ಲಿ ಮೊದಲು ನೀರು, ಬಳಿಕ ಜನ. ಕಡ್ಡಿರಾಂಪುರದಲ್ಲಿ ಮೊದಲು ಜನ, ಬಳಿಕ ಸೌಕರ್ಯ. ಹೊಸ ನೆಲೆ ಸಜ್ಜಾಗುವ ಮೊದಲೇ ಹಳೆಯ ನೆಲೆ ಇಲ್ಲವಾಯಿತು. ಅದಕ್ಕಿಂತ ಮುಖ್ಯವಾದ ತೊಡಕು ಜೀವನೋಪಾಯದ್ದು. ದೇವಾಲಯದ ಬಾಗಿಲಲ್ಲಿ ಹೂವು ಮಾರುವವಳಿಗೆ ನಾಲ್ಕು ಕಿಲೋಮೀಟರ್ ಆಚೆಯ ನಿವೇಶನವು ಮನೆಯಾಗಬಹುದು, ಅಂಗಡಿಯಾಗಲಾರದು. ರಥಬೀದಿಯೂ ಅಷ್ಟೇ. ಅಂಗಡಿಗಳಿಗೆಂದೇ ಕಟ್ಟಿದ ಮಂಟಪಗಳ ಸಾಲಿನಲ್ಲಿ ಅಂಗಡಿಯಿಲ್ಲದೆ ಹೋದಾಗ ಕಲ್ಲು ಉಳಿದರೂ ಬೀದಿಯ ಅರ್ಥದ ಒಂದು ಭಾಗ ಕಳೆದುಹೋಗುತ್ತದೆ. ಸ್ಮಾರಕ ಉಳಿಯಬೇಕು, ಜನರೂ ಬಾಳಬೇಕು ಎಂಬ ಎರಡು ನ್ಯಾಯಗಳು ಇಲ್ಲಿ ಎದುರುಬದುರಾದವು. ಎರಡನ್ನೂ ಸಲ್ಲಿಸುವ ದಾರಿ ಇರಲಿಲ್ಲವೆಂದಲ್ಲ. ಅದಕ್ಕೆ ಬೇಕಾದ ಕಾಲವನ್ನೂ ಸಮಾಲೋಚನೆಯನ್ನೂ ವ್ಯಯಿಸಲಿಲ್ಲವೆಂಬುದೇ ಕೊರತೆ.

ಆ ಜುಲೈ ತಿಂಗಳ ಕೊನೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದ್ದು ಕಾಲದ ವಿಚಿತ್ರ ಸಂಯೋಗ. ಅಕ್ರಮವನ್ನು ತಡೆಯಲು ಆ ಆದೇಶ ಅನಿವಾರ್ಯವಾಗಿತ್ತು. ಆದರೂ ಸಂಡೂರು, ಹೊಸಪೇಟೆ ಸೀಮೆಗಳಲ್ಲಿ ಗಣಿಯನ್ನೂ ಲಾರಿಯನ್ನೂ ನಂಬಿ ಬಂದಿದ್ದ ಕೂಲಿಕಾರರ ದುಡಿಮೆ ಅದರೊಡನೆ ನಿಂತಿತು. ಬೆಟ್ಟದಲ್ಲಿಯೂ ಬೀದಿಯಲ್ಲಿಯೂ ನ್ಯಾಯವಾದ ಉದ್ದೇಶದ ಭಾರ ಬಿದ್ದದ್ದು ಹೆಚ್ಚಾಗಿ ದುರ್ಬಲರ ಹೆಗಲ ಮೇಲೆಯೇ.

ಉಪಸಂಹಾರ

ಈ ದೀರ್ಘ ಇತಿಹಾಸದಲ್ಲಿ ಆಡಳಿತವು ಕಲಿತದ್ದೇನೂ ಇಲ್ಲವೆನ್ನುವುದು ಅನ್ಯಾಯವಾದೀತು. ಕ್ಷಾಮದ ಬೇಗೆಯಿಂದ ಕ್ಷಾಮ ಸಂಹಿತೆ ಹುಟ್ಟಿತು. ಮುಳುಗಡೆಯ ಅನುಭವಗಳು ಕಾಯಿದೆಯ ಮೇಲೆ ಪರಿಣಾಮ ಬೀರಿದವು. 1894ರ ಭೂಸ್ವಾಧೀನ ಕಾಯಿದೆಯ ಸ್ಥಾನದಲ್ಲಿ 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಅಧಿನಿಯಮವು ಭೂಮಿಯ ಒಡೆಯನೊಡನೆ ಆ ಭೂಮಿಯನ್ನು ನೆಚ್ಚಿ ದುಡಿಯುವವನನ್ನೂ ಬಾಧಿತನೆಂದು ಗುರುತಿಸುತ್ತದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸುತ್ತದೆ, ಪುನರ್ವಸತಿಯನ್ನು ಔದಾರ್ಯವೆಂದಲ್ಲದೆ ಹಕ್ಕೆಂದು ಪರಿಗಣಿಸುತ್ತದೆ. ನಾರಾಯಣದೇವರಕೆರೆಯ ಕೂಲಿಕಾರನಿಗೆ ದೊರೆಯದ ಮನ್ನಣೆ ಇದು. ಆದರೂ ಒತ್ತುವರಿದಾರನೆಂದು ಪರಿಗಣಿತನಾದವನ ಬಾಳಿನ ಪ್ರಶ್ನೆಗೆ ಈ ಕಾನೂನು ಪೂರ್ಣ ಉತ್ತರವಲ್ಲ. ರಥಬೀದಿಯ ಬಹುಪಾಲು ಜನ ಆ ವರ್ಗಕ್ಕೆ ಸೇರಿದವರು.

2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆ ರೂಪುಗೊಂಡಿತು. ಕಂಪ್ಲಿ, ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಅದೇ ವರ್ಷ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಯಿತು. ಮುಂದಿನ ಗಣತಿಯು ಕಡ್ಡಿರಾಂಪುರದಲ್ಲಿ ಎಷ್ಟು ಮನೆ, ಎಷ್ಟು ಜನ ಎಂಬುದನ್ನು ಹೇಳೀತು. ಅವರು ಎಲ್ಲಿಂದ ಬಂದರು, ಬರುವಾಗ ಏನನ್ನು ಬಿಟ್ಟುಬಂದರು ಎಂಬುದನ್ನು ದಾಖಲಿಸುವುದು ಸ್ಥಳೀಯ ಇತಿಹಾಸದ ಅಭ್ಯಾಸಿಗಳಿಗೆ ಸೇರಿದ ಕೆಲಸ. ಮುಳುಗಿದ ತೊಂಬತ್ತು ಗ್ರಾಮಗಳ ಹೆಸರು, ಅಲ್ಲಿದ್ದ ಗುಡಿ, ಮಠ, ಸಂತೆ, ಜಾತ್ರೆಗಳ ವಿವರ, ಅವುಗಳ ಜನ ನೆಲೆಸಿದ ಊರುಗಳು ಇವನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಬೇಕಾದ ಕಾಲ ಬಹುಮಟ್ಟಿಗೆ ಮೀರಿದೆ, ಉಳಿದಿರುವಷ್ಟನ್ನಾದರೂ ಕಳೆದುಕೊಳ್ಳಬಾರದು.

ಜನರನ್ನು ಎಬ್ಬಿಸುವುದು ಒಂದು ದಿನದ ಕಾರ್ಯ. ನೆಲೆಗೊಳಿಸುವುದು ಒಂದು ತಲೆಮಾರಿನ ಕಾರ್ಯ. ನಿವೇಶನವನ್ನು ಅಳೆದುಕೊಟ್ಟಲ್ಲಿಗೆ ಆ ಕಾರ್ಯ ಮುಗಿಯುವುದಿಲ್ಲ. ಅಲ್ಲಿಂದ ಅದು ತೊಡಗುತ್ತದೆ. ಹೊಸ ನೆಲದಲ್ಲಿ ಬೇರೂರುವ ರೈತನಿಗೆ ಒಂಬತ್ತು ವರ್ಷ ಬೇಕೆಂದು ಐನೂರು ವರ್ಷಗಳ ಹಿಂದೆ ಈ ನೆಲದ ಅರಸನೊಬ್ಬನಿಗೆ ತಿಳಿದಿತ್ತು.